ಪರಸ್ಥಳದಲ್ಲಿ ತಂಗುವವರ ಭತ್ಯ

ಮನೆಯ ಯಜಮಾನನಾಗಲಿ, ಈಗಿನ ಕಾಲದಲ್ಲಿ ಯಜಮಾನಿಯೇ ಆಗಲಿ, ಕೆಲಸದ ನಿಮಿತ್ತ ಪರಸ್ಥಳಕ್ಕೆ ಹೊರಟು ನಿಂತಾಗ ನಮ್ಮ ಮನೆಗಳಲ್ಲಿ ನಡೆಯುವ ಗಡಿಬಿಡಿಯನ್ನು ವಾಚಕರೆಲ್ಲರೂ ಬಲ್ಲರು. ಒಂದು ಕಡೆ ಇಸ್ತ್ರಿಯ ಬಟ್ಟೆ, ಮತ್ತೊಂದು ಕಡೆ ಬುತ್ತಿ. ರಾತ್ರಿಗೆಂದು ಚಪಾತಿ ಪಲ್ಯ, ಬೆಳಗಿನ ಹಸಿವಿಗೆಂದು ಒಗ್ಗರಣೆಯ ಅವಲಕ್ಕಿ, ಮೇಲೊಂದು ಚಕ್ಕುಲಿಯ ಪೊಟ್ಟಣ. “ಹೊರಗೆ ಕಂಡಕಂಡದ್ದನ್ನು ತಿನ್ನಬೇಡಿ” ಎಂಬ ಎಚ್ಚರಿಕೆಯ ಮಾತು ಬಾಗಿಲವರೆಗೂ ಹಿಂಬಾಲಿಸುವುದು. ಈ ಬುತ್ತಿಯ ಹಿಂದೆ ವಾತ್ಸಲ್ಯವಿರುವುದು ದಿಟ. ಆದರೆ ಅದರ ಹಿಂದೆ ಒಂದು ಲೆಕ್ಕವೂ ಇರುತ್ತದೆಂಬುದನ್ನು ಗೃಹಿಣಿಯರು ಬಾಯಿ ಬಿಟ್ಟು ಹೇಳುವುದಿಲ್ಲ. ಹೋಟೆಲಿನಲ್ಲಿ ಉಂಡ ಹಣವು ಕಛೇರಿಯಿಂದ ಯಾವಾಗ ಹಿಂದಿರುಗುವುದೋ, ಎಷ್ಟು ಹಿಂದಿರುಗುವುದೋ, ಅದುವರೆಗೆ ಹಾಲಿನವನಿಗೆ ಕೊಡುವುದೆಲ್ಲಿಂದ ಎಂಬ ಚಿಂತೆಯೇ ಆ ಲೆಕ್ಕ.

ಒಡೆಯನ ಕೆಲಸಕ್ಕಾಗಿ ಮನೆಬಿಟ್ಟು ಹೋದವನ ರಾತ್ರಿಯ ಅನ್ನವನ್ನು ಯಾರು ಕೊಡತಕ್ಕದ್ದು? ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಟಿ.ಎ. ಬಿಲ್ಲು ಎಂಬ ಹಾಳೆಯ ಒಂದು ಅಂಕಣದಲ್ಲಿ ಅಡಗಿಹೋಗುವಷ್ಟು ಸಣ್ಣದು. ಆದರೂ ಮೂವತ್ತು ವರ್ಷಗಳಿಗೂ ಮೀರಿ ಇಂಥ ಬಿಲ್ಲುಗಳನ್ನು ಬರೆದು, ಬರೆಯಿಸಿ, ಕಾದು, ಒಮ್ಮೆ ನಾಚಿಕೆಯನ್ನೂ ಪಟ್ಟ ನನಗೆ, ಈ ಅಂಕಣದಲ್ಲಿ ಮನುಷ್ಯನ ಮಾನದ ಸಂಗತಿ ಬಹಳವಾಗಿ ಅಡಗಿದೆಯೆಂದು ತೋರುತ್ತದೆ. ಅದನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಶಬ್ದದ ಮಾತು. ಹಳೆಯ ಉಪಾಧ್ಯಾಯನ ಈ ಚಾಪಲ್ಯವನ್ನು ವಾಚಕರು ಕ್ಷಮಿಸಬೇಕು. ಸಂಸ್ಕೃತದಲ್ಲಿ ‘ಭಜ್’ ಎಂಬ ಧಾತುವಿಗೆ ಹಂಚಿಕೊಳ್ಳುವುದು ಎಂಬುದೊಂದು ಅರ್ಥ. ಅದರಿಂದ ಹುಟ್ಟಿದ ‘ಭಕ್ತ’ ಶಬ್ದವು ನಪುಂಸಕಲಿಂಗದಲ್ಲಿ ಬಂದಾಗ ಅನ್ನವೆಂದಾಗುತ್ತದೆ. ಅಮರಸಿಂಹನು ಅನ್ನದ ಹೆಸರುಗಳನ್ನು ಎಣಿಸುವಾಗ ಇದನ್ನೂ ಸೇರಿಸಿದ್ದಾನೆ. ಪ್ರಾಕೃತದಲ್ಲಿ ಅದು ‘ಭತ್ತ’ವಾಯಿತು, ಹಿಂದಿ ಮರಾಠಿಗಳಲ್ಲಿ ‘ಭಾತ್’ ಆಯಿತು. ಗದ್ದೆಯ ಬತ್ತಕ್ಕೂ ಇದಕ್ಕೂ ನಂಟು ಹೇಳುವವರಿದ್ದಾರೆ. ದಂಡಿನವರಿಗೂ ನೌಕರರಿಗೂ ಸಾಕ್ಷಿಗಳಿಗೂ ಊಟದ ಬಾಬತ್ತಿಗೆಂದು ಕೊಡುವ ಹಣವನ್ನು ಕಂಪನಿ ಸರಕಾರದ ಇಂಗ್ಲಿಷರು ‘ಬಟ್ಟಾ’ ಎಂದು ಕರೆದರು. ಇಂದಿಗೂ ನಮ್ಮ ಟ್ಯಾಕ್ಸಿ ಚಾಲಕರು ‘ಬಾಟಾ’ ಎಂದು ಕೇಳುವುದು ಅದನ್ನೇ. ಪಾದರಕ್ಷೆಯ ಅಂಗಡಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ನಮ್ಮ ‘ಭತ್ಯ’ವೂ ಇದೇ ಮನೆತನದ್ದೆಂದು ನನ್ನ ಎಣಿಕೆ. ಅಂತೂ ಭತ್ಯವೆಂಬುದು ಬಹುಮಾನವಲ್ಲ, ಸಂಬಳದ ಬಾಲವೂ ಅಲ್ಲ. ಅದು ಪಾಲಿಗೆ ಬಂದ ಅನ್ನ.

ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯ ಪ್ರತಿಯನ್ನು ೧೯೦೫ರಲ್ಲಿ ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ, ೧೯೦೯ರಲ್ಲಿ ಅಚ್ಚು ಮಾಡಿಸಿದವರು ರುದ್ರಪಟ್ಟಣದ ಶಾಮಾಶಾಸ್ತ್ರಿಗಳು. ಆ ಗ್ರಂಥದ ಐದನೆಯ ಅಧಿಕರಣದ ಮೂರನೆಯ ಅಧ್ಯಾಯದಲ್ಲಿ ರಾಜಭೃತ್ಯರ ಸಂಬಳದ ಪಟ್ಟಿಯಿದೆ. ಅಲ್ಲಿ ಮಧ್ಯಮ ದರ್ಜೆಯ ದೂತನಿಗೆ ಯೋಜನಕ್ಕೆ ಹತ್ತು ಪಣಗಳಂತೆ ಗೊತ್ತುಮಾಡಿ, ಹತ್ತು ಯೋಜನಗಳನ್ನು ಮೀರಿದ ಮೇಲೆ ನೂರು ಯೋಜನಗಳವರೆಗೆ ಅದರ ಇಮ್ಮಡಿಯನ್ನು ಕೊಡತಕ್ಕದ್ದೆಂದು ವಿಧಿಸಿದೆ. ದೂರವು ಹೆಚ್ಚಿದಂತೆ ನಡೆಯುವ ಹೆಜ್ಜೆಯೇನೂ ಭಾರವಾಗದು. ಹಾಗಾದರೆ ಇಮ್ಮಡಿ ಏತಕ್ಕೆ? ಹತ್ತಿರಕ್ಕೆ ಹೋದವನು ಸಂಜೆಗೆ ಮನೆಗೆ ಬಂದು ಉಣ್ಣುವನು. ದೂರಕ್ಕೆ ಹೋದವನು ಪರರ ಜಗಲಿಯ ಮೇಲೆ ಮಲಗಿ, ಕೊಂಡ ಅನ್ನವನ್ನು ಉಣ್ಣಬೇಕು. ಕೌಟಿಲ್ಯನು ಕಾರಣವನ್ನು ಬಿಡಿಸಿ ಹೇಳಿಲ್ಲ. ಆದರೆ ಮನೆಬಿಟ್ಟು ರಾತ್ರಿ ಕಳೆದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಯೂ ಇಲ್ಲ. ಕೂಲಿಯನ್ನು ‘ಭಕ್ತವೇತನ’ ಎಂದು, ಅನ್ನವನ್ನೂ ಹಣವನ್ನೂ ಜೋಡಿಸಿಯೇ ಆತನು ಹೇಳುವುದು ಗಮನಾರ್ಹವಾದುದು.

ಹೀಗೆ ಒಡೆಯನು ಭತ್ಯವನ್ನು ಕೊಡದಿದ್ದರೆ ಏನಾಗುವುದು? ನೌಕರನು ಉಪವಾಸವಿರುವುದಿಲ್ಲ. ಹೋದ ಊರಿನವರ ಮೇಲೆ ಬೀಳುತ್ತಾನೆ. ಇದಕ್ಕೆ ಪುರಾತನವಾದ ಸಾಕ್ಷಿಯಿದೆ. ಸುಮಾರು ಐದನೆಯ ಶತಮಾನದಲ್ಲಿ ವಿದರ್ಭವನ್ನಾಳಿದ ವಾಕಾಟಕರಲ್ಲಿ ಪ್ರಭಾವತೀಗುಪ್ತೆಯೂ ಅವಳ ಮಗನಾದ ಎರಡನೆಯ ಪ್ರವರಸೇನನೂ ಬರೆಯಿಸಿಕೊಟ್ಟ ತಾಮ್ರಪಟಗಳಲ್ಲಿ, ದಾನ ಕೊಟ್ಟ ಗ್ರಾಮಕ್ಕೆ ಕೆಲವು ವಿನಾಯಿತಿಗಳನ್ನು ಹೇಳಿದೆ. ಅರಸನ ಭಟರು ಆ ಊರನ್ನು ಹೊಗಕೂಡದು. ಹುಲ್ಲು, ಕುಳಿತುಕೊಳ್ಳಲು ಚರ್ಮ, ಒಲೆಗೆ ಇದ್ದಲು ಮುಂತಾದುವುಗಳನ್ನು ಆ ಊರಿನವರು ಒದಗಿಸಬೇಕಾಗಿಲ್ಲ. ಸಂಚಾರ ಬರುವ ಅಧಿಕಾರಿಗಳಿಗೆ ಉಳಿದ ಗ್ರಾಮಗಳವರು ಒದಗಿಸುತ್ತಿದ್ದ ವಸ್ತುಗಳೇ ಇವೆಂದು ವಿದ್ವಾಂಸರು ಅರ್ಥಮಾಡಿದ್ದಾರೆ. ಒಂದು ಊರಿಗೆ ವಿನಾಯಿತಿಯನ್ನು ತಾಮ್ರದ ಮೇಲೆ ಕೊರೆಯಿಸಬೇಕಾಯಿತೆಂದರೆ ವಿನಾಯಿತಿಯಿಲ್ಲದ ಊರುಗಳ ಪಾಡನ್ನು ಊಹಿಸಬಹುದು. ಅಧಿಕಾರಿಯ ಕುದುರೆಗೆ ಹುಲ್ಲು, ಅಧಿಕಾರಿಗೆ ಆಸನ, ಅವನ ಅನ್ನಕ್ಕೆ ಇದ್ದಲು. ಇದ್ದಲು ಕೊಟ್ಟವರು ಅಕ್ಕಿಯನ್ನೂ ಕೊಟ್ಟಿರದೆ ಇರಲಾರರು.

ಭತ್ಯದ ರುಚಿ ಹತ್ತಿದವರ ಕಥೆಯೂ ಉಂಟು. ೧೭೫೭ರ ಪ್ಲಾಸಿಯ ಯುದ್ಧದ ಮೇಲೆ ಬಂಗಾಳದ ನವಾಬನಾದ ಮೀರ್ ಜಾಫರನು ಕಂಪನಿಯ ದಂಡಿಗೆ ಇಮ್ಮಡಿ ಬಟ್ಟಾ ಕೊಡಿಸಿದನು. ಅದನ್ನು ೧೭೬೬ರ ಜನವರಿಯಿಂದ ಕ್ಲೈವನು ನಿಲ್ಲಿಸಿದಾಗ, ಆಂಗ್ಲ ಅಧಿಕಾರಿಗಳು ಗುಂಪು ಕಟ್ಟಿಕೊಂಡು ಒಟ್ಟಿಗೆ ರಾಜೀನಾಮೆ ಕೊಡಲು ಸಂಚು ಮಾಡಿದರು. ಕ್ಲೈವನು ಬಗ್ಗಲಿಲ್ಲ. ೧೮೨೮ರಲ್ಲಿ ಬೆಂಟಿಂಕನು ಅರ್ಧ ಬಟ್ಟಾದ ಆಜ್ಞೆಯನ್ನು ಜಾರಿಗೆ ತಂದು ತನ್ನ ಸೈನ್ಯಾಧಿಕಾರಿಗಳ ದ್ವೇಷವನ್ನು ಕಟ್ಟಿಕೊಂಡನು. ಊಟಕ್ಕೆಂದು ಕೊಟ್ಟದ್ದು ಕ್ರಮೇಣ ಹಕ್ಕಾಗಿ, ಸಂಬಳವಾಗಿ, ಕೊನೆಗೆ ಊಟವೇ ಮರೆತುಹೋಗುವ ಪರಿಯಿದು.

ಇನ್ನು ನಮ್ಮ ಕಾಲಕ್ಕೆ ಬರುವೆನು. ನಾನು ಬಾಲಕನಾಗಿದ್ದಾಗ ನಮ್ಮೂರ ಶಾಲೆಗೆ ಇನ್‌ಸ್ಪೆಕ್ಟರು ಬರುವರೆಂದರೆ, ಶಾಲೆಯ ಗೋಡೆಗೆ ಸುಣ್ಣ, ಹೆಡ್ಮಾಸ್ಟರ ಮನೆಯ ಒಲೆಗೆ ಬಿಡುವಿಲ್ಲದ ಬೆಂಕಿ. ಹೆಡ್ಮಾಸ್ಟರ ಹೆಂಡತಿ ಬೆಳಗಿನ ನಾಲ್ಕಕ್ಕೆ ಎದ್ದು ಒಬ್ಬಟ್ಟಿನ ಹೂರಣ ರುಬ್ಬುತ್ತಿದ್ದರೆಂದು ನಮ್ಮ ತಾಯಿ ಹೇಳುತ್ತಿದ್ದರು. ಹಾಗೆ ಉಣ್ಣದ ಇನ್‌ಸ್ಪೆಕ್ಟರೊಬ್ಬರನ್ನೂ ನಾನು ಕಂಡಿದ್ದೇನೆ. ಅವರು ಶಾಲೆಯ ಒಂದು ಕೊಠಡಿಯಲ್ಲೇ ಉಳಿದು, ತಾವು ತಂದ ಸೀಮೆಯೆಣ್ಣೆಯ ಸ್ಟೌವಿನ ಮೇಲೆ ಅನ್ನ ಮಾಡಿಕೊಂಡು, ಮೊಸರನ್ನು ಮಾತ್ರ ಹಣ ಕೊಟ್ಟು ತರಿಸಿಕೊಳ್ಳುತ್ತಿದ್ದರು. ಊರಿನವರು ಅವರನ್ನು ಜಿಪುಣನೆಂದರು, ಗರ್ವಿಯೆಂದರು. ನಮ್ಮ ಹೆಡ್ಮಾಸ್ಟರಂತೂ ಆ ರಾತ್ರಿ ನಿದ್ದೆ ಮಾಡಲಿಲ್ಲವಂತೆ. ಉಣ್ಣದವನು ಏನನ್ನು ಬರೆಯುವನೋ ಎಂಬ ಭಯ! ನಾನು ಉಪಾಧ್ಯಾಯನಾದ ಮೇಲೆಯೇ ಆ ಸ್ಟೌವಿನ ಅರ್ಥ ನನಗೆ ಆದದ್ದು. ಅದೂ ತಡವಾಗಿ.

೧೯೯೮ರ ಮಾತು. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಜಾಗೃತದಳದ ಕೆಲಸಕ್ಕೆ ನನ್ನನ್ನು ದೂರದ ಒಂದು ಹೋಬಳಿಯ ಕೇಂದ್ರಕ್ಕೆ ಹಾಕಿದರು. ಆ ಊರಿನಲ್ಲಿ ಲಾಡ್ಜು ಇಲ್ಲ. ಊಟದ ಹೋಟೆಲೆಂದರೆ ಬಸ್ ನಿಲ್ದಾಣದ ಬಳಿ ಒಂದು ತಗಡಿನ ಗುಡಿಸಲು. ನನ್ನ ಕಿಸೆಯಲ್ಲಿ ಆ ಎಂಟು ದಿನಕ್ಕೆ ಸಾಲುವಷ್ಟು ಹಣವೂ ಇರಲಿಲ್ಲ. ಮುಂಗಡವನ್ನು ಕೇಳಿದಾಗ ಗುಮಾಸ್ತರು ನಕ್ಕಿದ್ದರು. ಕೇಂದ್ರದ ಉಪಾಧ್ಯಾಯರೊಬ್ಬರು, “ನಮ್ಮನೇಲಿ ಇರಿ ಮೇಷ್ಟ್ರೇ, ಬೇರೆ ಮಾತೇ ಬೇಡ” ಎಂದು ಕರೆದೊಯ್ದರು. ಅವರ ಪತ್ನಿ ಎಂಟು ದಿನವೂ ಎರಡು ಹೊತ್ತು ಬಿಸಿಯಾಗಿ ಬಡಿಸಿದರು. ಆರನೆಯ ದಿನ ಸಂಜೆ ನಾನು ಜಗಲಿಯ ಮೇಲೆ ಕುಳಿತಿರುವಾಗ, ಆಕೆ ಮಗನ ಕೈಗೆ ಅಂಗಡಿಯ ಲೆಕ್ಕದ ಪುಸ್ತಕವನ್ನು ಕೊಟ್ಟು, ಬೇಳೆ ಕಾಲು ಕಿಲೋ ಸಾಕೆಂದು ಹೇಳಿಕೊಡು ಎಂದು ಪಿಸುಗುಟ್ಟಿದ್ದು ಕಿವಿಗೆ ಬಿತ್ತು. ನಾನು ಕೇಳದವನಂತೆ ಪತ್ರಿಕೆಯನ್ನು ಓದಿದೆನು.

ಮರುದಿನ ಗಣಿತದ ಪರೀಕ್ಷೆ. ಕೊಠಡಿಯೊಂದರಲ್ಲಿ ಒಬ್ಬ ಹುಡುಗನ ತೋಳಿನ ಮಡಿಕೆಯಲ್ಲಿ ಚೀಟಿ ಕಂಡಿತು. ಹುಡುಗನು ನನ್ನ ಆತಿಥೇಯರ ಶಾಲೆಯವನು. ಅವರೇ ಆ ಕೊಠಡಿಯ ಮೇಲ್ವಿಚಾರಕರು. ಅವರು ಏನೂ ಮಾತಾಡಲಿಲ್ಲ, ಕಿಟಕಿಯ ಕಡೆಗೆ ತಿರುಗಿಕೊಂಡರು. ನಾನು ಚೀಟಿಯನ್ನು ಕಿತ್ತು ನನ್ನ ಜೇಬಿಗೆ ಹಾಕಿಕೊಂಡೆನು. ನಿಯಮದ ಪ್ರಕಾರ ಬರೆಯಬೇಕಾಗಿದ್ದ ವರದಿಯನ್ನು ಬರೆಯಲಿಲ್ಲ. ಆ ಹುಡುಗನ ಮೇಲಿನ ಕರುಣೆಯಿಂದಲೇ ಹಾಗೆ ಮಾಡಿದೆನೆಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆನು. ನಿಜವೇನೆಂದರೆ, ಆ ರಾತ್ರಿ ಅದೇ ಮನೆಯಲ್ಲಿ ಎಲೆಯ ಮುಂದೆ ಕುಳಿತುಕೊಳ್ಳಬೇಕಾಗಿತ್ತು.

ಏಳು ತಿಂಗಳಾದ ಮೇಲೆ ನನ್ನ ಬಿಲ್ಲು ಮಂಜೂರಾಗಿ ಬಂತು. ಎಂಟು ದಿನದ ಪೂರ್ಣ ಭತ್ಯ. ಒಟ್ಟು ನಾನೂರು ರೂಪಾಯಿಗಳನ್ನು ಮುಟ್ಟಲಿಲ್ಲ. ಉಂಡದ್ದು ಒಬ್ಬರ ಮನೆಯಲ್ಲಿ, ಹಣ ತೆಗೆದುಕೊಂಡದ್ದು ಸರಕಾರದಿಂದ. ನಿಯಮದ ದೃಷ್ಟಿಯಲ್ಲಿ ತಪ್ಪೇನೂ ಇಲ್ಲವೆಂದು ಸಹೋದ್ಯೋಗಿಗಳು ಹೇಳಿದರು. ಆ ಹಣದಲ್ಲಿ ಒಂದು ಸೀರೆಯನ್ನು ಕೊಂಡು ಆ ತಾಯಿಗೆ ಕಳುಹಿಸಿದೆನು. ಆಕೆ ಅದನ್ನು ಬಾಗಿನವೆಂದು ತಿಳಿದು, ತಿರುಗಿ ನನ್ನ ಹೆಂಡತಿಗೆ ರವಿಕೆಯ ಕಣವನ್ನೂ ಕೊಬ್ಬರಿಯನ್ನೂ ಕಳುಹಿಸಿದರು. ಅಂಥವರ ಋಣವನ್ನು ತೀರಿಸಲು ಹೊರಟರೆ ಅದು ಬೆಳೆಯುತ್ತಲೇ ಹೋಗುತ್ತದೆ.

ಇದನ್ನು ಬರೆದ ಮೇಲೆ ಈಗಿನ ನಿಯಮಗಳನ್ನು ನೋಡಿದರೆ, ಅವುಗಳಲ್ಲಿ ಬುದ್ಧಿವಂತಿಕೆಯೂ ವಿನೋದವೂ ಎರಡೂ ಕಾಣುತ್ತವೆ. ಕೇಂದ್ರ ಸರಕಾರವು ಏಳನೆಯ ವೇತನ ಆಯೋಗದ ಶಿಫಾರಸಿನ ಮೇರೆಗೆ ೨೦೧೭ರ ಜುಲೈಯಲ್ಲಿ ಗೊತ್ತುಪಡಿಸಿದ ದರಗಳನ್ನು ನೋಡಿರಿ. ಪ್ರವಾಸದಲ್ಲಿರುವ ನೌಕರನ ಊಟಕ್ಕೆ, ಐದನೆಯ ಹಂತ ಮತ್ತು ಅದಕ್ಕೆ ಕೆಳಗಿನವರಿಗೆ ದಿನಕ್ಕೆ ೫೦೦ ರೂಪಾಯಿ. ಆರರಿಂದ ಎಂಟನೆಯ ಹಂತದವರಿಗೆ ೮೦೦. ಹದಿನಾಲ್ಕನೆಯ ಹಂತ ಮತ್ತು ಮೇಲಿನವರಿಗೆ ೧,೨೦೦. ಇದು ಸಾಧುವೆಂದೇ ಹೇಳಬಹುದು. ದೊಡ್ಡ ಅಧಿಕಾರಿಯ ಹಸಿವು ಸಣ್ಣ ಗುಮಾಸ್ತನ ಹಸಿವಿನ ಎರಡೂವರೆಯಷ್ಟೂ ಇಲ್ಲವೆಂದು ಸರಕಾರವೇ ಒಪ್ಪಿದಂತಾಯಿತು. ಆದರೆ ತಂಗುವ ಕೊಠಡಿಯ ಬಾಡಿಗೆಯ ಮಿತಿಗೆ ಬಂದರೆ, ಕೆಳಗಿನವನಿಗೆ ದಿನಕ್ಕೆ ೪೫೦, ಮೇಲಿನವನಿಗೆ ೭,೫೦೦. ಹೊಟ್ಟೆಗಳೊಳಗೆ ಇರುವ ಅಂತರವು ಇಷ್ಟೇ ಆಗಿರಲು, ಹಾಸಿಗೆಗಳೊಳಗೆ ಹದಿನಾರು ಪಾಲಿಗೂ ಮಿಕ್ಕ ಅಂತರವೇಕೆಂದು ನನಗೆ ತಿಳಿಯದು. ಬೆಂಗಳೂರಿನಂಥ ಮಹಾನಗರಗಳಲ್ಲಿ ಎಂಟನೆಯ ಹಂತದವರೆಗಿನವರಿಗೆ ರಶೀದಿ ತೋರಿಸಿದರೆ ೧,೦೦೦ ರೂಪಾಯಿಯವರೆಗೆ ಅವಕಾಶವಿತ್ತರು. ತುಟ್ಟಿಭತ್ಯ ಏರಿದಂತೆ ಈ ದರಗಳನ್ನು ಏರಿಸುವುದಕ್ಕೂ ದಾರಿಯಿಟ್ಟಿದ್ದಾರೆ.

ಗಂಟೆಯ ಲೆಕ್ಕವೂ ಸೊಗಸಾಗಿದೆ. ದಿನವೆಂದರೆ ಮಧ್ಯರಾತ್ರಿಯಿಂದ ಮಧ್ಯರಾತ್ರಿಯವರೆಗೆ. ಅದರಲ್ಲಿ ಆರು ಗಂಟೆಯೊಳಗೆ ಹೊರಗಿದ್ದರೆ ಭತ್ಯದಲ್ಲಿ ಶೇಕಡಾ ೩೦, ಆರರಿಂದ ಹನ್ನೆರಡು ಗಂಟೆಯಾದರೆ ಶೇಕಡಾ ೭೦, ಹನ್ನೆರಡನ್ನು ಮೀರಿದರೆ ಪೂರ್ಣ. ಮನೆಯಲ್ಲಿಯೇ ಉಂಡು ರಾತ್ರಿ ಹತ್ತು ಗಂಟೆಯ ರೈಲಿಗೆ ಹೊರಟವನಿಗೂ ಆ ದಿನದ ಲೆಕ್ಕದಲ್ಲಿ ಶೇಕಡಾ ೩೦ ದೊರೆಯುವುದು. ಅದಕ್ಕಿಂತ ಮೆಚ್ಚತಕ್ಕ ಅಂಶವೆಂದರೆ, ಊಟದ ಹಣಕ್ಕೆ ಹೋಟೆಲಿನ ಚೀಟಿಯನ್ನು ಕೇಳುವ ಪದ್ಧತಿಯನ್ನು ಬಿಟ್ಟು ಇಡಿಗಂಟಾಗಿ ಕೊಡುವಂತೆ ಮಾಡಿದ್ದು. ಹಿಂದೆ ಮೂರು ಇಡ್ಲಿ ತಿಂದವನು ಆರು ಇಡ್ಲಿಯ ಚೀಟಿಯನ್ನು ಬೇಡಿ ತರುವುದೂ, ಆರು ತಿಂದು ಚೀಟಿ ಕಳೆದುಕೊಂಡವನು ಸುಮ್ಮನಿರುವುದೂ ಕಛೇರಿಗಳಲ್ಲಿ ನಿತ್ಯದ ಮಾತಾಗಿತ್ತು. ಆದಾಯ ತೆರಿಗೆಯವರೂ ಪ್ರವಾಸದ ದಿನವೆಚ್ಚದ ಭತ್ಯವನ್ನು, ನಿಜವಾಗಿ ಖರ್ಚಾದ ಮಟ್ಟಿಗೆ, ಆದಾಯವೆಂದು ಎಣಿಸುವುದಿಲ್ಲ. ಅನ್ನವು ಆದಾಯವಲ್ಲವೆಂಬ ತತ್ತ್ವ ಅಲ್ಲಿಯೂ ಇದೆ.

ದರವಿದ್ದರಾಯಿತೆ? ಅದು ಯಾವಾಗ ಕೈಸೇರುವುದೆಂಬುದೇ ಸಂಸಾರಿಗಳಿಗೆ ಮುಖ್ಯ. ಪ್ರವಾಸಕ್ಕೆ ಮುಂಗಡ ಕೊಡಲು ನಿಯಮಗಳಲ್ಲಿ ಅವಕಾಶವಿದ್ದರೂ, ಅದನ್ನು ಕೇಳಿ ಪಡೆಯುವವರು ವಿರಳ. ಸಂಸ್ಕೃತದ ಉತ್ತರಪತ್ರಿಕೆಗಳ ಮೌಲ್ಯಮಾಪನವು ಎಲ್ಲ ಊರುಗಳಲ್ಲಿಯೂ ನಡೆಯುವುದಿಲ್ಲವಾದುದರಿಂದ ನಾನು ಪ್ರತಿವರ್ಷವೂ ಬೇಸಗೆಯಲ್ಲಿ ಹತ್ತು ಹನ್ನೆರಡು ದಿನ ಪರಸ್ಥಳದಲ್ಲಿರಬೇಕಾಗಿತ್ತು. ಆ ಖರ್ಚನ್ನು ಮೊದಲು ಹಾಕುತ್ತಿದ್ದವಳು ನನ್ನ ಹೆಂಡತಿ. ಸಾಸಿವೆಯ ಡಬ್ಬಿಯಲ್ಲಿ ಕೂಡಿಟ್ಟದ್ದು, ತಂಗಿಯ ಮನೆಯಿಂದ ಕೈಗಡ ತಂದದ್ದು, ಒಂದು ವರ್ಷ ಮಕ್ಕಳ ಪುಸ್ತಕಕ್ಕೆಂದು ಎತ್ತಿಟ್ಟದ್ದು. ಬಿಲ್ಲಿನ ಹಣ ಬರುವಷ್ಟರಲ್ಲಿ ಮಳೆಗಾಲ ಕಳೆದು ದೀಪಾವಳಿ ಬಂದಿರುತ್ತಿತ್ತು. ಸರಕಾರವೆಂಬ ಅಷ್ಟು ದೊಡ್ಡ ಸಂಸ್ಥೆಗೆ ನಮ್ಮ ಅಡಿಗೆಮನೆಯ ಸಾಸಿವೆಡಬ್ಬಿಯು ಆರು ತಿಂಗಳು ಬಡ್ಡಿಯಿಲ್ಲದ ಸಾಲ ಕೊಡುತ್ತಿತ್ತೆಂದು ನಾನು ತಮಾಷೆ ಮಾಡಿದರೆ ಅವಳು ನಗುತ್ತಿರಲಿಲ್ಲ. ದೊಡ್ಡ ಸಂಬಳದವನಿಗೆ ತಡವಾದ ಭತ್ಯವು ಮರೆತುಹೋದ ಹಣ, ಕೈಗೆ ಬಂದಾಗ ಹಬ್ಬ. ಸಣ್ಣ ಸಂಬಳದವನಿಗೆ ಅದು ತಿಂಗಳ ರೇಷನ್ನು.

ಸರಕಾರದ ಹೊರಗೂ ಇದೇ ಪಾಡು. ಔಷಧದ ಕಂಪನಿಗಳ ಪ್ರತಿನಿಧಿಗಳನ್ನು ಎಲ್ಲ ವೈದ್ಯರ ಬಾಗಿಲಲ್ಲಿಯೂ ನೋಡುತ್ತೇವೆ. ಅವರಿಗೆ ಸ್ವಂತ ಊರಿನಲ್ಲಿ ತಿರುಗಿದರೆ ಒಂದು ಭತ್ಯ, ಹೋಗಿ ಅದೇ ದಿನ ಹಿಂದಿರುಗುವ ಊರಾದರೆ ಒಂದು, ರಾತ್ರಿ ತಂಗುವ ಊರಾದರೆ ಬೇರೊಂದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಆ ಕೆಲಸದಲ್ಲಿದ್ದಾನೆ. ತಂಗುವ ಭತ್ಯದಲ್ಲಿ ಲಾಡ್ಜಿಗೆ ಕೊಟ್ಟು ಉಳಿದದ್ದರಲ್ಲಿ ರಾತ್ರಿ ಬಾಳೆಹಣ್ಣು ತಿಂದು ಮಲಗಿ, ಮಿಕ್ಕದ್ದನ್ನು ಮನೆಗೆ ಕಳುಹಿಸುತ್ತಿದ್ದೆನೆಂದು ಅವನೇ ಹೇಳಿದನು. ಮೂವತ್ತೈದಕ್ಕೇ ಹೊಟ್ಟೆಯ ಹುಣ್ಣು ಬಂದು, ತಾನು ಚೀಲದಲ್ಲಿ ಹೊತ್ತು ಮಾರುವ ಗುಳಿಗೆಯನ್ನೇ ನುಂಗುತ್ತಿದ್ದಾನೆ.

ಬಯಲುಸೀಮೆಯ ಹಳ್ಳಿಗಳಿಗೆ ಸಂಜೆಗೆ ಬಂದು, ರಾತ್ರಿ ಅಲ್ಲಿಯೇ ನಿಂತು, ಬೆಳಗಿನ ಜಾವ ಹೊರಡುವ ಬಸ್ಸುಗಳುಂಟಷ್ಟೆ. ಉತ್ತರದ ಜಿಲ್ಲೆಗಳಲ್ಲಿ ಅದನ್ನು ವಸ್ತಿ ಬಸ್ಸೆನ್ನುವರು. ಅದರ ಚಾಲಕ ನಿರ್ವಾಹಕರು ಬಸ್ಸಿನೊಳಗೆ ಸೀಟುಗಳ ಮೇಲೆಯೋ, ಗುಡಿಯ ಕಟ್ಟೆಯ ಮೇಲೆಯೋ ಮಲಗುವರು. ಅನೇಕ ಊರುಗಳಲ್ಲಿ ಮನೆಯವರು ಸರದಿಯಂತೆ ರೊಟ್ಟಿ ಪಲ್ಯ ಕಳುಹಿಸುವರು. ಅದು ಹೃದಯವಂತಿಕೆಯ ಮಾತು, ಅದಕ್ಕೆ ಕೈಮುಗಿಯಬೇಕು. ಆದರೂ ಬೆಳಗ್ಗೆ ಟಿಕೆಟ್ಟಿಲ್ಲದೆ ಹತ್ತಿದ ಆ ಮನೆಯ ಹುಡುಗನ ಮುಂದೆ ನಿರ್ವಾಹಕನು ಒಂದು ಕ್ಷಣ ತಡೆಯುವುದನ್ನು ನಾನು ನೋಡಿದ್ದೇನೆ. ಅವನ ಮುಖದಲ್ಲಿ ನನಗೆ ನನ್ನ ಮುಖವೇ ಕಂಡಿತು.

ನಮ್ಮ ಬೆಂಗಳೂರು ಮೈಸೂರಿನ ಎಷ್ಟೋ ಮನೆಗಳ ಮಕ್ಕಳು ಕಂಪನಿಯ ಕೆಲಸದ ಮೇಲೆ ಅಮೆರಿಕಕ್ಕೆ ಹೋಗಿ ಬರುವುದು ಈಗ ಸಾಮಾನ್ಯ. ಅಲ್ಲಿ ಅವರಿಗೆ ಸಿಗುವ ‘ಪರ್ ಡಿಯೆಮ್’ ಎಂಬುದು ಲ್ಯಾಟಿನ್ ಮಾತು. ದಿನಕ್ಕಿಷ್ಟು ಎಂಬುದೇ ಅದರ ಅರ್ಥ, ನಮ್ಮ ದಿನಭತ್ಯವೇ. ಅಲ್ಲಿಯ ಸರಕಾರವು ತನ್ನ ನೌಕರರಿಗೆ ೨೦೨೫ರ ಆರ್ಥಿಕ ವರ್ಷಕ್ಕೆ ಇಟ್ಟ ಸಾಮಾನ್ಯ ದರದಲ್ಲಿ ಊಟೋಪಚಾರಕ್ಕೆ ದಿನಕ್ಕೆ ೬೮ ಡಾಲರು. ಬೆಳಗಿನ ಉಪಾಹಾರಕ್ಕೆ ೧೬, ಮಧ್ಯಾಹ್ನದ ಊಟಕ್ಕೆ ೧೯, ರಾತ್ರಿಯ ಊಟಕ್ಕೆ ೨೮, ಕೈಖರ್ಚಿಗೆ ೫. ಹೊರಡುವ ದಿನ ಮತ್ತು ಹಿಂದಿರುಗುವ ದಿನಗಳಲ್ಲಿ ಮುಕ್ಕಾಲು ಪಾಲು. ಸಭೆಯಲ್ಲಿ ಸರಕಾರದ ಖರ್ಚಿನಿಂದಲೇ ಮಧ್ಯಾಹ್ನದ ಊಟ ದೊರೆತರೆ ಆ ೧೯ ಡಾಲರನ್ನು ನೌಕರನು ಕಳೆದು ಬರೆಯತಕ್ಕದ್ದು. ಇದನ್ನು ಓದಿದಾಗ ನನ್ನ ೧೯೯೮ರ ಬಿಲ್ಲು ನೆನಪಾಗಿ ಕಿವಿ ಬೆಚ್ಚಗಾಯಿತು. ನಮ್ಮ ಮಕ್ಕಳಾದರೋ ತಾಯಿ ಕಟ್ಟಿಕೊಟ್ಟ ಚಟ್ನಿಪುಡಿ, ಸಾರಿನಪುಡಿ, ಎಂ.ಟಿ.ಆರ್. ಉಪ್ಪಿಟ್ಟಿನ ಪೊಟ್ಟಣಗಳಲ್ಲಿ ದಿನ ಕಳೆದು, ಉಳಿಸಿದ ಡಾಲರುಗಳಲ್ಲಿ ಮನೆಯ ಕಂತು ಕಟ್ಟುತ್ತಾರೆ. ಅವರನ್ನು ದೂರಲಾರೆನು. ಅವರು ಕಸಿದುಕೊಂಡದ್ದು ತಮ್ಮ ಹೊಟ್ಟೆಯಿಂದಲೇ ಹೊರತು ಬೇರೆಯವರ ಒಲೆಯಿಂದಲ್ಲ.

ಭತ್ಯವು ಅನ್ನದ ಮಾತು ಮಾತ್ರವಲ್ಲ, ನಿಷ್ಪಕ್ಷಪಾತದ ಮಾತೂ ಹೌದೆಂಬುದು ಚುನಾವಣೆಯಲ್ಲಿ ಸ್ಪಷ್ಟವಾಗಿ ಕಾಣುವುದು. ಉಪಾಧ್ಯಾಯರಾದವರಿಗೆ ಈ ರಾತ್ರಿಯ ಅನುಭವ ತಪ್ಪಿದ್ದಲ್ಲ. ಮತದಾನದ ಹಿಂದಿನ ದಿನ ಬೆಳಗ್ಗೆ ಮಸ್ಟರಿಂಗ್ ಕೇಂದ್ರದಲ್ಲಿ ಯಂತ್ರವನ್ನೂ ಪೆಟ್ಟಿಗೆಗಳನ್ನೂ ಎಣಿಸಿಕೊಂಡು, ಬಸ್ಸಿನಲ್ಲಿ ಗುರುತಿಲ್ಲದ ಹಳ್ಳಿಗೆ ಹೋಗಿ, ಶಾಲೆಯ ಬೆಂಚುಗಳನ್ನು ಜೋಡಿಸಿ ಮಲಗಬೇಕು. ಸಂಜೆಗೆ ಊರ ಪ್ರಮುಖರು ಬಂದು, ನಮ್ಮ ಮನೆಯಲ್ಲಿ ಊಟ ಸಿದ್ಧವಾಗಿದೆ ಎನ್ನುವರು. ಹೋಗಕೂಡದು. ನಿಯಮವೂ ಹಾಗಿದೆ, ವಿವೇಕವೂ ಹಾಗಿದೆ. ಬೇಡವೆನ್ನಬೇಕಾದರೆ ಮಾತ್ರ ಬೇರೆ ಅನ್ನವಿರಬೇಕಷ್ಟೆ. ಬಹಳ ಕಡೆ ಶಾಲೆಯ ಬಿಸಿಯೂಟದ ಅಡಿಗೆಯ ತಾಯಂದಿರೇ ಆ ರಾತ್ರಿ ಅನ್ನ ಸಾರು ಮಾಡಿ ನಮ್ಮ ಮಾನವನ್ನು ಕಾಪಾಡಿದ್ದಾರೆ. ಬಹು ವರ್ಷಗಳವರೆಗೆ ಈ ಸಿಬ್ಬಂದಿಯ ಊಟೋಪಚಾರಕ್ಕೆ ಆಯೋಗವು ಇಟ್ಟಿದ್ದ ದರ ದಿನಕ್ಕೆ ೧೫೦ ರೂಪಾಯಿ. ೨೦೨೫ರ ಆಗಸ್ಟಿನಲ್ಲಿ ಅದನ್ನು ೫೦೦ಕ್ಕೆ ಏರಿಸಿ, ಮತಗಟ್ಟೆಯ ಅಧ್ಯಕ್ಷಾಧಿಕಾರಿಯ ದಿನದ ಸಂಭಾವನೆಯನ್ನು ೩೫೦ರಿಂದ ೫೦೦ಕ್ಕೆ ಹೆಚ್ಚಿಸಿದರು. ಸಂಭಾವನೆ ಏರಿದ್ದಕ್ಕಿಂತ ಊಟದ ಹಣ ಏರಿದ್ದು ನನಗೆ ಹೆಚ್ಚು ಸಂತೋಷವನ್ನುಂಟುಮಾಡಿತು. ಮತಗಟ್ಟೆಯ ಅಧಿಕಾರಿಯು ಊರ ಪ್ರಮುಖನಿಗೆ ನಗುತ್ತ ನಮಸ್ಕಾರ ಹೇಳಿ ಕಳುಹಿಸುವ ಧೈರ್ಯಕ್ಕೆ ಬೆಲೆ ಕಟ್ಟುವುದಾದರೆ ಆ ಮೊಬಲಗು ಹೆಚ್ಚಿನದೇನೂ ಅಲ್ಲ.

ಇಷ್ಟು ಹೊತ್ತು ಸರಕಾರವನ್ನೂ ಕಂಪನಿಗಳನ್ನೂ ಒಡೆಯರೆಂದು ಹೇಳಿದೆನು. ನಾವೂ ನೀವೂ ಒಡೆಯರಾಗುವ ಸಂದರ್ಭಗಳುಂಟು. ಸಂಸಾರಸಮೇತರಾಗಿ ಧರ್ಮಸ್ಥಳಕ್ಕೋ ಕುಕ್ಕೆಗೋ ಬಾಡಿಗೆಯ ಕಾರಿನಲ್ಲಿ ಹೊರಟಾಗ, ಆ ಎರಡು ದಿನ ಚಾಲಕನ ರಾತ್ರಿಯ ಅನ್ನಕ್ಕೆ ಹೊಣೆ ನಾವೇ. ಕಿಲೋಮೀಟರಿನ ಲೆಕ್ಕದಲ್ಲಿ ಹತ್ತು ರೂಪಾಯಿಗೂ ಚರ್ಚೆ ನಡೆಸುವ ಮನೆಗಳಲ್ಲಿ ಬಾಟಾದ ಮಾತು ಬಂದಾಗ, “ದೇವಸ್ಥಾನದಲ್ಲಿ ಹೇಗೂ ಊಟ ಉಂಟಲ್ಲ, ಇನ್ನು ಬಾಟಾ ಏಕೆ?” ಎನ್ನುವವರನ್ನು ಕೇಳಿದ್ದೇನೆ. ತಾವು ಕೊಠಡಿ ಹಿಡಿದು ಮಲಗಿ, ಚಾಲಕನು ಕಾರಿನೊಳಗೆ ಕಾಲು ಮಡಿಚಿಕೊಂಡು ಮಲಗುವುದನ್ನು ಕಿಟಕಿಯಿಂದ ನೋಡಿಯೂ ಸುಮ್ಮನಿರುವವರಲ್ಲಿ ನಾನೂ ಒಬ್ಬನಾಗಿದ್ದೆನು. ಬಾಟಾವನ್ನು ಪ್ರವಾಸ ಮುಗಿದ ಮೇಲೆ, ಪೆಟ್ರೋಲು ಟೋಲುಗಳ ಲೆಕ್ಕದೊಡನೆ ಮನೆಯ ಬಾಗಿಲಲ್ಲಿ ಕೊಡುವುದು ವಾಡಿಕೆ. ನಡುವಣ ಎರಡು ಹೊತ್ತು ಅವನು ತನ್ನ ಕೈಯಿಂದ ಹಾಕಿಕೊಂಡಿರಬೇಕು.

ಕಳೆದ ಕಾರ್ತೀಕದಲ್ಲಿ ನಾವು ಧರ್ಮಸ್ಥಳಕ್ಕೆ ಹೋದಾಗ ನನ್ನ ಹೆಂಡತಿ ಆ ವಾಡಿಕೆಯನ್ನು ಮುರಿದಳು. ಕಾರು ನಿಂತೊಡನೆ, ನಾವಿನ್ನೂ ಸಾಮಾನು ಇಳಿಸುವ ಮೊದಲೇ, ಎರಡು ದಿನದ ಬಾಟಾವನ್ನು ಅವನ ಕೈಗೆ ಕೊಟ್ಟಳು. ಅವನಿಗೊಂದು ಹಾಸಿಗೆಯ ಏರ್ಪಾಡನ್ನೂ ನನ್ನಿಂದ ಮಾಡಿಸಿದಳು. ಇಪ್ಪತ್ತೈದರ ಹುಡುಗ, ಹಾಸನದ ಕಡೆಯವನು. ಹಣವನ್ನು ಎಣಿಸಲಿಲ್ಲ. ರಾತ್ರಿ ಅನ್ನಪೂರ್ಣ ಛತ್ರದ ಪಂಕ್ತಿಯಲ್ಲಿ ಅವನೂ ನಮ್ಮೊಡನೆಯೇ ಕುಳಿತನು. ಎದ್ದು ಕೈತೊಳೆದು ಹೊರಗೆ ಬಂದಾಗ ನನ್ನ ಹೆಂಡತಿಯ ಬಳಿಗೆ ಬಂದು, ಸ್ವಲ್ಪ ಸಂಕೋಚದಿಂದ, “ಊಟ ಇಲ್ಲೇ ಆಯ್ತಲ್ಲ ಅಮ್ಮಾ, ನೀವು ಕೊಟ್ಟಿದ್ದನ್ನ ನಮ್ಮಮ್ಮಂಗೆ ಕಳಿಸ್ಲಾ?” ಎಂದು ಕೇಳಿದನು.

“ಅದು ನಿಂದಪ್ಪಾ, ನನ್ನ ಯಾಕೆ ಕೇಳ್ತೀಯ?” ಎಂದಳು ಅವಳು.

ಅವನು ದೀಪದ ಕಂಬದ ಕೆಳಗೆ ಹೋಗಿ ನಿಂತು ತಾಯಿಗೆ ಫೋನು ಮಾಡಿದನು.